ಚಾನೆಲ್ ಸ್ವಂತದ್ದು, ನೋಡುವವರು ಎಲ್ಲಿ? ಲ್ಯಾರಿ ಸ್ಕಾಟ್ ಮತ್ತು ಪ್ಯಾಕ್-12ರ ಪ್ರಕರಣ

2012ರ ಆಗಸ್ಟ್ 15ರಂದು ಕಾಲೇಜು ಕ್ರೀಡೆಗಾಗಿ ಪ್ಯಾಕ್-12 ಎಂಬ ಕೂಟ ಕಟ್ಟಿಕೊಂಡಿದ್ದ ಅಮೆರಿಕದ ಪಶ್ಚಿಮ ಭಾಗದ ಹನ್ನೆರಡು ವಿಶ್ವವಿದ್ಯಾಲಯಗಳು ಸೇರಿ ತಮ್ಮದೇ ಟಿವಿ ಚಾನೆಲ್ ಆರಂಭಿಸಿದವು. ಒಂದಲ್ಲ, ಏಳು: ಇಡೀ ದೇಶಕ್ಕೆ ಒಂದು, ಪ್ರದೇಶಕ್ಕೊಂದರಂತೆ ಆರು. ಬೇರೆ ಯಾವ ಕಂಪನಿಗೂ ಅದರಲ್ಲಿ ನಯಾಪೈಸೆ ಪಾಲಿರಲಿಲ್ಲ. ಲಾಭವೆಲ್ಲ ವಿಶ್ವವಿದ್ಯಾಲಯಗಳಿಗೇ ಎಂಬುದು ಲೆಕ್ಕ. 2024ರ ಜೂನ್ 30ರಂದು ಆ ಚಾನೆಲ್‌ಗಳು ಬಾಗಿಲು ಹಾಕಿದವು. ಆ ಹೊತ್ತಿಗೆ ಹನ್ನೆರಡರಲ್ಲಿ ಹತ್ತು ವಿಶ್ವವಿದ್ಯಾಲಯಗಳು ಗಂಟುಮೂಟೆ ಕಟ್ಟಿ ಬೇರೆ ಕೂಟಗಳ ಹೊಸ್ತಿಲಲ್ಲಿ ನಿಂತಿದ್ದವು. 1915ರಲ್ಲಿ ಶುರುವಾದ ಒಂದು ಕ್ರೀಡಾಕೂಟ, ಐನೂರಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದು 'ಚಾಂಪಿಯನ್ನರ ಕೂಟ' ಎಂದು ಕರೆದುಕೊಂಡಿದ್ದ ಕೂಟ, ಎರಡೇ ಕಾಲೇಜುಗಳ ಗುಂಪಾಗಿ ಉಳಿದಿತ್ತು.

ಈ ಕುಸಿತವನ್ನು 2023ರ ಆಗಸ್ಟ್‌ನ ಒಂದು ವಾರದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದು ಒಪ್ಪಿಗೆಯಿಲ್ಲ. ಆ ವಾರ ಮನೆ ಬಿದ್ದದ್ದು ನಿಜ, ಆದರೆ ತೊಲೆಗೆ ಗೆದ್ದಲು ಹಿಡಿದದ್ದು 2011ರಲ್ಲಿ, ಎಲ್ಲರೂ ಚಪ್ಪಾಳೆ ತಟ್ಟಿದ ಒಂದು ನಿರ್ಧಾರದಲ್ಲಿ. ಆ ನಿರ್ಧಾರ ಕೈಗೊಂಡವರು ಕೂಟದ ಅಂದಿನ ಕಮಿಷನರ್ ಲ್ಯಾರಿ ಸ್ಕಾಟ್. ಅವರನ್ನು ಖಳನಾಯಕನನ್ನಾಗಿ ಮಾಡುವುದು ಇಲ್ಲಿನ ಉದ್ದೇಶವಲ್ಲ. ಒಬ್ಬ ಬುದ್ಧಿವಂತ, ಯಶಸ್ಸು ಕಂಡ ನಾಯಕ ಯಾವುದನ್ನು ಎಣಿಸಿದರು, ಯಾವುದನ್ನು ಎಣಿಸದೆ ಬಿಟ್ಟರು ಎಂಬುದೇ ಈ ಪ್ರಕರಣದ ತಿರುಳು.

ಕಮಿಷನರ್ ಎಂದರೆ ಯಾರು

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಎಂದರೆ ನಮ್ಮ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದ ದೊಡ್ಡ ರೂಪ ಎಂದುಕೊಂಡರೆ ತಪ್ಪಾಗುತ್ತದೆ. ಲಾಸ್ ಏಂಜಲೀಸಿನ ಯುಸಿಎಲ್‌ಎ ತನ್ನ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನು ಆಡುವ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಹಿಡಿಸುವ ಜನ ನಮ್ಮ ಚಿನ್ನಸ್ವಾಮಿಯ ಎರಡು ಪಟ್ಟಿಗೂ ಹೆಚ್ಚು. ಒಂದು ಪ್ರದೇಶದ ವಿಶ್ವವಿದ್ಯಾಲಯಗಳು ಸೇರಿ ಕಾನ್ಫರೆನ್ಸ್ ಎಂಬ ಕೂಟ ಕಟ್ಟಿಕೊಂಡು ತಮ್ಮೊಳಗೇ ಪಂದ್ಯಾವಳಿ ನಡೆಸುತ್ತವೆ, ಟಿವಿ ಹಕ್ಕನ್ನು ಒಟ್ಟಿಗೆ ಮಾರುತ್ತವೆ, ಬಂದ ಹಣವನ್ನು ಹಂಚಿಕೊಳ್ಳುತ್ತವೆ. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ತರುವ ಆ ಹಣದಲ್ಲೇ ಈಜು, ವಾಟರ್ ಪೋಲೊ, ಜಿಮ್ನಾಸ್ಟಿಕ್ಸ್, ಹುಡುಗಿಯರ ವಾಲಿಬಾಲ್ ಎಲ್ಲವೂ ಉಸಿರಾಡುತ್ತವೆ.

ಕೂಟದ ಕಮಿಷನರ್‌ಗೆ ಹೊರಗಿನಿಂದ ಕಾಣುವಷ್ಟು ಅಧಿಕಾರವಿಲ್ಲ. ಅವರ ಯಜಮಾನರು ವಿಶ್ವವಿದ್ಯಾಲಯಗಳ ಅಧ್ಯಕ್ಷರು. ಹನ್ನೆರಡು ಅಧ್ಯಕ್ಷರೆಂದರೆ ಹನ್ನೆರಡು ಮನಸ್ಸು, ಮತ್ತು ಅವರಲ್ಲಿ ಯಾರೂ ಟಿವಿ ವ್ಯಾಪಾರ ಕಲಿತು ಆ ಕುರ್ಚಿಗೆ ಬಂದವರಲ್ಲ. ಒಬ್ಬರು ಭೌತಶಾಸ್ತ್ರದ ಪ್ರಾಧ್ಯಾಪಕರು, ಇನ್ನೊಬ್ಬರು ವೈದ್ಯರು ಎಂಬಂತಹ ಸಭೆ ಅದು. ಹಾಗಾಗಿ ಕಮಿಷನರ್ ಹೇಳಿದ ಲೆಕ್ಕವನ್ನು ಅವರು ನಂಬಬೇಕಾಗುತ್ತದೆ. ಈ ನಂಬಿಕೆಯೇ ಕಮಿಷನರ್‌ನ ನಿಜವಾದ ಬಂಡವಾಳ.

ಟೆನಿಸ್ ಅಂಗಳದಿಂದ ಬಂದವರು

ಸ್ಕಾಟ್ ಹಾರ್ವರ್ಡ್‌ನಲ್ಲಿ ಓದಿದವರು, ಅಲ್ಲಿನ ಟೆನಿಸ್ ತಂಡದಲ್ಲಿ ಆಡಿದವರು, ಕೆಲಕಾಲ ವೃತ್ತಿಪರ ಟೆನಿಸ್ ಕೂಡ ಆಡಿದರು. ನಂತರ ಪುರುಷರ ಟೆನಿಸ್ ಸಂಸ್ಥೆ ಎಟಿಪಿಯಲ್ಲಿ ಆಡಳಿತ ಕಲಿತು 2003ರಲ್ಲಿ ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎಯ ಚುಕ್ಕಾಣಿ ಹಿಡಿದರು. ಅಲ್ಲಿ ಅವರ ಸಾಧನೆ ದೊಡ್ಡದು. ಸೋನಿ ಎರಿಕ್ಸನ್ ಜೊತೆ ಆರು ವರ್ಷಕ್ಕೆ 8.8 ಕೋಟಿ ಡಾಲರ್‌ಗಳ ಪ್ರಾಯೋಜಕತ್ವ ಕುದುರಿಸಿದರು. 2007ರಲ್ಲಿ ವಿಂಬಲ್ಡನ್ನೂ ಫ್ರೆಂಚ್ ಓಪನ್ನೂ ಹೆಣ್ಣುಮಕ್ಕಳಿಗೆ ಗಂಡಸರಷ್ಟೇ ಬಹುಮಾನದ ಹಣ ಕೊಡಲು ಒಪ್ಪಿದಾಗ ಆ ಹೋರಾಟದ ಆಡಳಿತದ ಬದಿಯನ್ನು ನಡೆಸಿದವರಲ್ಲಿ ಇವರೂ ಒಬ್ಬರು.

2009ರ ಜುಲೈಯಲ್ಲಿ ಅವರು ಆಗ ಪ್ಯಾಕ್-10 ಎನಿಸಿದ್ದ ಈ ಕೂಟಕ್ಕೆ ಬಂದರು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಟಾಮ್ ಹ್ಯಾನ್ಸನ್ 1983ರಿಂದ ಕೂಟ ನಡೆಸಿದ್ದವರು, ನಿಧಾನಸ್ಥರು. ಕಾಲೇಜು ಕ್ರೀಡೆಯ ಒಳಗಿನವರಲ್ಲದ ಒಬ್ಬರನ್ನು ಅಧ್ಯಕ್ಷರು ಬೇಕೆಂದೇ ಆರಿಸಿದರು. ನಿದ್ದೆ ಹೋದ ಕೂಟವನ್ನು ಎಬ್ಬಿಸಬೇಕಿತ್ತು.

ಸ್ಕಾಟ್ ಎಬ್ಬಿಸಿದರು. 2010ರ ಜೂನ್‌ನಲ್ಲಿ ಟೆಕ್ಸಾಸ್, ಒಕ್ಲಹೋಮ ಸೇರಿದಂತೆ ಬಿಗ್ 12 ಎಂಬ ಇನ್ನೊಂದು ಕೂಟದ ಆರು ವಿಶ್ವವಿದ್ಯಾಲಯಗಳನ್ನು ಒಟ್ಟಿಗೆ ಸೆಳೆದು ಹದಿನಾರರ ಕೂಟ ಕಟ್ಟಲು ಹೊರಟರು. ಅಂಥ ಧೈರ್ಯವನ್ನು ಆವರೆಗೆ ಯಾವ ಕಮಿಷನರ್ ಕೂಡ ತೋರಿರಲಿಲ್ಲ. ಕೊಲರಾಡೊ ಬಂತು, ಟೆಕ್ಸಾಸ್ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು, ಯೂಟಾ ಸೇರಿ ಪ್ಯಾಕ್-12 ಆಯಿತು. ಆಮೇಲೆ ಎಲ್ಲರಿಗೂ ಸಮಪಾಲು ಎಂಬ ನಿಯಮಕ್ಕೆ ಲಾಸ್ ಏಂಜಲೀಸಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳನ್ನೂ ಒಪ್ಪಿಸಿದರು. ದೊಡ್ಡ ಪೇಟೆಯವರು ಸಣ್ಣ ಊರಿನ ಪುಲ್‌ಮನ್, ಕೊರ್ವಾಲಿಸ್‌ಗಳ ಜೊತೆ ಸಮನಾಗಿ ಹಂಚಿಕೊಳ್ಳಲು ಒಪ್ಪಿದ್ದು ಸಣ್ಣ ಮಾತಲ್ಲ. 2011ರ ಮೇ ತಿಂಗಳಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್ ಎಂಬ ಟಿವಿ ಕಂಪನಿಗಳ ಜೊತೆ 12 ವರ್ಷಕ್ಕೆ ಸುಮಾರು 300 ಕೋಟಿ ಡಾಲರ್‌ಗಳ ಟಿವಿ ಒಪ್ಪಂದ ಆಯಿತು. ಅಂದಿಗೆ ಅದು ಕಾಲೇಜು ಕೂಟಗಳಲ್ಲೇ ದೊಡ್ಡದು. ಎರಡೇ ವರ್ಷಕ್ಕೆ ಸ್ಕಾಟ್ ದೇಶದ ಅತ್ಯಂತ ಚಾಣಾಕ್ಷ ಕಮಿಷನರ್ ಎಂದು ಹೆಸರಾದರು.

ನಿರ್ಧಾರ

ಆ ಒಪ್ಪಂದದಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್‌ಗೆ ಎಲ್ಲ ಪಂದ್ಯಗಳನ್ನೂ ಕೊಟ್ಟಿರಲಿಲ್ಲ. ಉಳಿದ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಜೊತೆ ಬೇರೆಲ್ಲ ಆಟಗಳನ್ನೂ ತಮ್ಮದೇ ಚಾನೆಲ್‌ನಲ್ಲಿ ತೋರಿಸುವುದು ಯೋಜನೆ. ದಾರಿ ಎರಡಿತ್ತು. ಒಂದು, ದೊಡ್ಡ ಟಿವಿ ಕಂಪನಿಯೊಂದನ್ನು ಪಾಲುದಾರನನ್ನಾಗಿ ಮಾಡಿಕೊಂಡು ಅದಕ್ಕೆ ಅರ್ಧದಷ್ಟು ಪಾಲು ಬಿಟ್ಟುಕೊಡುವುದು. ಇನ್ನೊಂದು, ಪೂರ್ತಿ ತಾವೇ ಇಟ್ಟುಕೊಳ್ಳುವುದು. ಸ್ಕಾಟ್ ಎರಡನೆಯದನ್ನು ಆರಿಸಿದರು. ಕಾಮ್‌ಕಾಸ್ಟ್, ಟೈಮ್ ವಾರ್ನರ್ ಕೇಬಲ್, ಕಾಕ್ಸ್, ಬ್ರೈಟ್ ಹೌಸ್ ಎಂಬ ನಾಲ್ಕು ಕೇಬಲ್ ಕಂಪನಿಗಳು ಚಾನೆಲ್ ಅನ್ನು ಮನೆಗಳಿಗೆ ತಲುಪಿಸುವುದಕ್ಕೆ ಮೊದಲೇ ಒಪ್ಪಿದ್ದವು. ಧೈರ್ಯಕ್ಕೆ ಅದು ಸಾಕಾಯಿತು.

ಈಗ ಮೊದಲ ದಾರಿ ಹಿಡಿದವರನ್ನು ನೋಡೋಣ. ಬಿಗ್ ಟೆನ್ ಕೂಟದ ಕಮಿಷನರ್ ಜಿಮ್ ಡೆಲಾನಿ 2007ರಲ್ಲೇ ಫಾಕ್ಸ್‌ಗೆ ದೊಡ್ಡ ಪಾಲು ಕೊಟ್ಟು ಬಿಗ್ ಟೆನ್ ನೆಟ್‌ವರ್ಕ್ ಕಟ್ಟಿದ್ದರು. ಅಂದು ಫಾಕ್ಸ್‌ನ ಮಾತೃಸಂಸ್ಥೆಯ ಹಿಡಿತದಲ್ಲಿ ಡೈರೆಕ್‌ಟಿವಿ ಎಂಬ ಡಿಶ್ ಕಂಪನಿಯೂ ಇತ್ತು. ಹಾಗಾಗಿ ಚಾನೆಲ್ ಶುರುವಾದ ದಿನವೇ ದೇಶದ ಉದ್ದಗಲಕ್ಕೆ ಕಾಣಿಸಿತು. ಕಾಮ್‌ಕಾಸ್ಟ್ ಮೊದಲ ವರ್ಷ ಹಟ ಹಿಡಿದರೂ ಡೆಲಾನಿಯ ಹಿಂದೆ ಫಾಕ್ಸ್ ನಿಂತಿತ್ತು, 2008ರ ಬೇಸಿಗೆಗೆ ಕಾಮ್‌ಕಾಸ್ಟ್ ಕೂಡ ದಾರಿಗೆ ಬಂತು. 2014ರಲ್ಲಿ ದಕ್ಷಿಣದ ಎಸ್‌ಇಸಿ ಕೂಟ ತನ್ನ ಚಾನೆಲ್‌ನ ಒಡೆತನವನ್ನು ಇಎಸ್‌ಪಿಎನ್‌ಗೇ ಬಿಟ್ಟಿತು. ಇಎಸ್‌ಪಿಎನ್ ಇಲ್ಲದೆ ಯಾವ ಕೇಬಲ್ ಕಂಪನಿಯೂ ಬದುಕುವಂತಿರಲಿಲ್ಲ. 'ಅದು ಬೇಕಾದರೆ ಇದನ್ನೂ ತೆಗೆದುಕೊಳ್ಳಿ' ಎಂದು ಇಎಸ್‌ಪಿಎನ್ ಹೇಳಬಲ್ಲದು. ಎಸ್‌ಇಸಿ ಚಾನೆಲ್ ಆರಂಭವಾಗುವ ಹೊತ್ತಿಗೆ ಎಲ್ಲ ದೊಡ್ಡ ಕಂಪನಿಗಳೂ ಸಹಿ ಹಾಕಿದ್ದವು.

ಸ್ಕಾಟ್ ಬಳಿ ಹಾಗೆ ಹೇಳಲು ಯಾವ 'ಅದು'ವೂ ಇರಲಿಲ್ಲ. ಹೊಲ ಪೂರ್ತಿ ಸ್ವಂತದ್ದು, ಸಂತೆಗೆ ಹೋಗುವ ದಾರಿ ಬೇರೆಯವರದ್ದು.

ಡೈರೆಕ್‌ಟಿವಿ

ಡೈರೆಕ್‌ಟಿವಿಗೆ ಆಗ ಸುಮಾರು 2 ಕೋಟಿ ಮನೆಗಳ ಗ್ರಾಹಕರಿದ್ದರು. ಪ್ಯಾಕ್-12 ಚಾನೆಲ್ ತನ್ನ ಪ್ರದೇಶದಲ್ಲಿ ಮನೆಗೆ ತಿಂಗಳಿಗೆ 80 ಸೆಂಟ್ ಆಸುಪಾಸು ಕೇಳುತ್ತಿತ್ತು ಎಂದು ವರದಿಯಾಗಿತ್ತು. ಡೈರೆಕ್‌ಟಿವಿ ಒಪ್ಪಲಿಲ್ಲ. ಅದೊಂದಕ್ಕೇ ಬೆಲೆ ಇಳಿಸೋಣವೆಂದರೆ ಮೊದಲು ಸಹಿ ಹಾಕಿದ ಕೇಬಲ್ ಕಂಪನಿಗಳಿಗೂ ಅದೇ ಬೆಲೆಗೆ ಇಳಿಸಬೇಕಾಗುತ್ತದೆ. ಹೀಗೆ ಗಂಟು ಬಿದ್ದದ್ದು ಬಿಚ್ಚಲೇ ಇಲ್ಲ. 2012ರಲ್ಲಿ ಇಲ್ಲ, 2013ರಲ್ಲಿ ಇಲ್ಲ, ಕೊನೆಯವರೆಗೂ ಇಲ್ಲ. 2015ರಲ್ಲಿ ಎಟಿ ಅಂಡ್ ಟಿ ಕಂಪನಿ ಡೈರೆಕ್‌ಟಿವಿಯನ್ನು ಕೊಂಡಾಗ ಆಸೆ ಚಿಗುರಿತ್ತು. ಆದರೆ ಆಮೇಲೆ ಎಟಿ ಅಂಡ್ ಟಿಯ ಇನ್ನೊಂದು ಟಿವಿ ಸೇವೆಯೂ 2018ರ ಕೊನೆಗೆ ಈ ಚಾನೆಲ್ ಅನ್ನು ಕೈಬಿಟ್ಟಿತು.

ಇಲ್ಲಿ ಒಂದು ಸಣ್ಣ ವಿವರವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಪ್ರಕರಣ ನನಗೆ ಅರ್ಥವಾದದ್ದು ಅದರಿಂದ. ಅಮೆರಿಕದ ಊರೂರಿನಲ್ಲಿ ಸ್ಪೋರ್ಟ್ಸ್ ಬಾರ್‌ಗಳಿವೆ. ಗೋಡೆ ತುಂಬ ಟಿವಿ, ಒಂದೊಂದರಲ್ಲಿ ಒಂದೊಂದು ಪಂದ್ಯ. ಆಟವನ್ನು ಹಂಚಿಕೊಂಡು ನೋಡುವ ಕಟ್ಟೆ ಅದು, ನಮ್ಮಲ್ಲಿ ವಿಶ್ವಕಪ್ ಹೊತ್ತಿಗೆ ಚಹಾ ಅಂಗಡಿಯ ಮುಂದೆ ಜನ ಸೇರುವ ಹಾಗೆ. ವೃತ್ತಿಪರ ಫುಟ್‌ಬಾಲ್‌ನ ಭಾನುವಾರದ ಎಲ್ಲ ಪಂದ್ಯಗಳನ್ನು ತೋರಿಸುವ 'ಸಂಡೇ ಟಿಕೆಟ್' ಸೇವೆ 1994ರಿಂದ 2022ರವರೆಗೆ ಡೈರೆಕ್‌ಟಿವಿಯ ಕೈಯಲ್ಲೇ ಇತ್ತು. ಹಾಗಾಗಿ ಇಂಥ ಬಾರ್ ನಡೆಸುವವರಿಗೆ ಡೈರೆಕ್‌ಟಿವಿಯ ಡಿಶ್ ಇಲ್ಲದೆ ವ್ಯಾಪಾರವಿರಲಿಲ್ಲ. ಅಂದರೆ, ಶನಿವಾರ ಸಂಜೆ ಪೋರ್ಟ್‌ಲ್ಯಾಂಡ್‌ನ ಬಾರ್‌ನಲ್ಲಿ ಹಸಿರು ಅಂಗಿ ತೊಟ್ಟು ಕೂತ ಒರೆಗನ್ ಅಭಿಮಾನಿ ಪ್ಯಾಕ್-12 ಚಾನೆಲ್‌ನಲ್ಲಿ ಬರುವ ತನ್ನ ತಂಡದ ಪಂದ್ಯ ಹಾಕಿ ಎಂದರೆ, ರಿಮೋಟ್ ಹಿಡಿದವನು ಇಲ್ಲವೆಂದು ತಲೆಯಾಡಿಸಬೇಕು. ಅದೇ ಗೋಡೆಯಲ್ಲಿ ಸಾವಿರಾರು ಮೈಲಿ ದೂರದ ಅಲಬಾಮಾ ಪಂದ್ಯ ನಡೆಯುತ್ತಿರುತ್ತದೆ. ತನ್ನ ಊರಿನಲ್ಲೇ ತನ್ನ ತಂಡ ಕಾಣದು, ಪರವೂರಿನ ತಂಡ ಕಾಣುತ್ತದೆ. ಹತ್ತು ವರ್ಷ ಹೀಗೆ ನಡೆದರೆ ಆ ಊರಿನ ಹದಿನೈದು ವರ್ಷದ ಹುಡುಗ ಯಾವ ಅಂಗಿ ಕೊಳ್ಳುತ್ತಾನೆ? ಯಾವ ಕಾಲೇಜಿಗೆ ಆಡುವ ಕನಸು ಕಾಣುತ್ತಾನೆ? ಈ ನಷ್ಟ ಯಾವ ಆಯವ್ಯಯ ಪತ್ರದಲ್ಲೂ ಕಾಣುವುದಿಲ್ಲ.

ಪ್ಯಾಕ್-12 ಚಾನೆಲ್ ಒಳ್ಳೆಯ ದಿನಗಳಲ್ಲೂ 2 ಕೋಟಿಗಿಂತ ಕಡಿಮೆ ಮನೆಗಳಿಗೆ ತಲುಪಿತು. ಬಿಗ್ ಟೆನ್ ಮತ್ತು ಎಸ್‌ಇಸಿ ಚಾನೆಲ್‌ಗಳು ಅದರ ಎರಡು ಮೂರು ಪಟ್ಟು ಮನೆಗಳಲ್ಲಿದ್ದವು. ಏಳು ಚಾನೆಲ್‌ಗಳ ಖರ್ಚು ಕಳೆದು ಒಂದೊಂದು ವಿಶ್ವವಿದ್ಯಾಲಯದ ಕೈಗೆ ಸಿಕ್ಕಿದ್ದು ವರ್ಷಕ್ಕೆ 20–30 ಲಕ್ಷ ಡಾಲರ್ ಆಸುಪಾಸು. ನೂರಕ್ಕೆ ನೂರು ಪಾಲು ಇಟ್ಟುಕೊಂಡವರಿಗೆ ಅರ್ಧ ಪಾಲು ಬಿಟ್ಟುಕೊಟ್ಟವರಿಗಿಂತ ಎಷ್ಟೋ ಕಡಿಮೆ ದಕ್ಕಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ಚಾನೆಲ್ ವರ್ಷಕ್ಕೆ 850ರಷ್ಟು ನೇರಪ್ರಸಾರ ಮಾಡುತ್ತಿತ್ತು, ಅವುಗಳಲ್ಲಿ ಹೆಚ್ಚಿನವು ಬೇರೆ ಯಾರೂ ತೋರಿಸದ ಆಟಗಳು. ವಾಟರ್ ಪೋಲೊ ಆಡುವ ಮಗಳನ್ನು ದೂರದ ಊರಿನ ತಂದೆತಾಯಿ ಟಿವಿಯಲ್ಲಿ ನೇರ ಕಂಡದ್ದು ಈ ಚಾನೆಲ್‌ನಿಂದ. ಒಳ್ಳೆಯ ಕ್ಯಾಮೆರಾ, ಒಳ್ಳೆಯ ವೀಕ್ಷಕ ವಿವರಣೆ, ಹುಡುಗಿಯರ ಆಟಕ್ಕೂ ಅಷ್ಟೇ ಶ್ರದ್ಧೆ. ಮಹಿಳಾ ಟೆನಿಸ್‌ನಿಂದ ಬಂದ ಸ್ಕಾಟ್‌ರ ಮನಸ್ಸು ಅಲ್ಲಿ ಕಾಣುತ್ತಿತ್ತು. ಅದನ್ನು ಮೆಚ್ಚದೆ ಇರಲಾರೆ.

ರಾತ್ರಿ ಪಂದ್ಯ

ದೊಡ್ಡ ಒಪ್ಪಂದದ ಇನ್ನೊಂದು ಬೆಲೆ ಗಡಿಯಾರದಲ್ಲಿತ್ತು. ಪೂರ್ವ ಕರಾವಳಿಯ ಪಂದ್ಯಗಳೆಲ್ಲ ಮುಗಿದ ಮೇಲೆ ಟಿವಿಯವರಿಗೆ ರಾತ್ರಿಯ ಹೊತ್ತು ತುಂಬಲು ಪಂದ್ಯ ಬೇಕು, ಅದಕ್ಕೆ ಪಶ್ಚಿಮದವರೇ ಸಿಗುವುದು. ಸಿಯಾಟಲ್‌ನಲ್ಲಿ ಸಂಜೆ 7.30ಕ್ಕೆ ಪಂದ್ಯ ಶುರುವಾದರೆ ನ್ಯೂಯಾರ್ಕ್‌ನಲ್ಲಿ 10.30. ಮುಗಿಯುವಾಗ ಅಲ್ಲಿ ಎರಡು ಗಂಟೆ. ಪ್ರಶಸ್ತಿಗೆ ಮತ ಹಾಕುವ ಪತ್ರಕರ್ತರು, ಪ್ಲೇಆಫ್‌ಗೆ ತಂಡ ಆರಿಸುವವರು, ಸಾಮಾನ್ಯ ಅಭಿಮಾನಿಗಳು ಎಲ್ಲರೂ ಮಲಗಿರುತ್ತಾರೆ. 2017ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ತಂಡದ ಕೋಚ್ ಕ್ರಿಸ್ ಪೀಟರ್ಸನ್ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಮುಂದಿನ ಪಂದ್ಯದ ಪ್ರಸಾರದಲ್ಲಿ ಇಎಸ್‌ಪಿಎನ್ ಆ ತಂಡ ಆಡಿದ ದುರ್ಬಲ ಎದುರಾಳಿಗಳನ್ನು ಅಣಕಿಸಲು ಮೈದಾನದ ಅಂಚಿನಲ್ಲಿ ಮೂರು ಕಪ್‌ಕೇಕ್ ಇಟ್ಟು ತೋರಿಸಿತು (ಸುಲಭದ ಎದುರಾಳಿಯನ್ನು ಅಲ್ಲಿ ಕಪ್‌ಕೇಕ್ ಎನ್ನುತ್ತಾರೆ). ತಮ್ಮ ಕೂಟದ ಅತ್ಯುತ್ತಮ ಕೋಚ್ ಒಬ್ಬರನ್ನು ತಮಗೇ ಹಣ ಕೊಡುವ ಟಿವಿ ಹೀಗೆ ನಡೆಸಿಕೊಂಡಾಗ ಕಮಿಷನರ್ ಯಾರ ಬೆನ್ನಿಗೆ ನಿಲ್ಲಬೇಕು ಎಂಬುದು ನನ್ನ ಮಟ್ಟಿಗೆ ಪ್ರಶ್ನೆಯೇ ಅಲ್ಲ. 2019ರಲ್ಲಿ ಸ್ಕಾಟ್ ಪರಿಹಾರವಾಗಿ ಬೆಳಿಗ್ಗೆ 9ಕ್ಕೆ ಪಂದ್ಯ ಆರಂಭಿಸುವ ಮಾತು ಎತ್ತಿದರು. ವಿದ್ಯಾರ್ಥಿಗಳು ಹಾಸಿಗೆಯಿಂದ ಏಳುವ ಮೊದಲೇ!

ಇಷ್ಟರ ನಡುವೆ ಕೂಟದ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ನಡುಮಧ್ಯದಲ್ಲಿತ್ತು. ಬಾಡಿಗೆ ವರ್ಷಕ್ಕೆ 70 ಲಕ್ಷ ಡಾಲರ್‌ನಷ್ಟು ಎಂದು ಪತ್ರಿಕೆಗಳು ಬರೆದವು. ಸ್ಕಾಟ್‌ರ ಸಂಬಳ ವರ್ಷಕ್ಕೆ 50 ಲಕ್ಷ ಡಾಲರ್ ದಾಟಿತ್ತು. ತಂಡಗಳು ಗೆಲ್ಲುತ್ತಿದ್ದರೆ, ಹಣ ಹರಿಯುತ್ತಿದ್ದರೆ ಇದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಆದರೆ ನಾಲ್ಕು ತಂಡಗಳ ಫುಟ್‌ಬಾಲ್ ಪ್ಲೇಆಫ್‌ಗೆ ಅವರ ಅವಧಿಯಲ್ಲಿ ಪ್ಯಾಕ್-12ರಿಂದ ಹೋದದ್ದು ಎರಡೇ ತಂಡ: 2014ರಲ್ಲಿ ಒರೆಗನ್, 2016ರಲ್ಲಿ ವಾಷಿಂಗ್ಟನ್. ಕಾಲೇಜುಗಳು ಪೈಸೆ ಎಣಿಸುವಾಗ ಕಮಿಷನರ್ ಕಚೇರಿಯ ಬಾಡಿಗೆ ಕಣ್ಣು ಚುಚ್ಚುತ್ತದೆ. ಅಧ್ಯಕ್ಷರ ನಂಬಿಕೆ ಎಂದು ಮೊದಲು ಹೇಳಿದೆನಲ್ಲ, ಅದು ಇಲ್ಲೇ ಸೋರಿಹೋಯಿತು.

ತಿದ್ದಿಕೊಳ್ಳಲು ಅವಕಾಶ ಇರಲಿಲ್ಲವೇ? ಇತ್ತು. 2018ರ ಕೊನೆಗೆ ಹತ್ತು ಶೇಕಡಾ ಪಾಲನ್ನು 50 ಕೋಟಿ ಡಾಲರ್‌ಗೆ ಮಾರುವ ಪ್ರಸ್ತಾಪ ಸುದ್ದಿಯಾಯಿತು, ಕೊಳ್ಳುವವರು ಕುದುರಲಿಲ್ಲ. ಹಕ್ಕುಗಳ ಅವಧಿ ವಿಸ್ತರಿಸಿದರೆ ಚಾನೆಲ್ ಹಂಚಿಕೆಯನ್ನು ತಾನೇ ನೋಡಿಕೊಳ್ಳುವುದಾಗಿ 2019ರಲ್ಲಿ ಇಎಸ್‌ಪಿಎನ್ ಮುಂದೆ ಬಂದಿತ್ತು ಎಂಬ ವರದಿಯೂ ಇದೆ. ಕೂಟ ಒಪ್ಪಲಿಲ್ಲ. 2024ರಲ್ಲಿ ಎಲ್ಲ ಹಕ್ಕುಗಳೂ ಒಮ್ಮೆಲೇ ಬಿಡುಗಡೆಯಾಗುತ್ತವೆ, ಆಗ ದೊಡ್ಡ ತಂತ್ರಜ್ಞಾನ ಕಂಪನಿಗಳೂ ಸಾಲಿನಲ್ಲಿ ನಿಲ್ಲುತ್ತವೆ ಎಂಬುದು ಸ್ಕಾಟ್‌ರ ದೂರದ ಲೆಕ್ಕ. ಮುಂದಿನ ಸುಗ್ಗಿಗೆಂದು ಈ ವರ್ಷ ಒಕ್ಕಲನ್ನು ಹಸಿವಿನಲ್ಲಿ ಇಟ್ಟರೆ ಸುಗ್ಗಿ ಬರುವ ಹೊತ್ತಿಗೆ ಒಕ್ಕಲೇ ಊರು ಬಿಟ್ಟಿರುತ್ತದೆ.

ಹಾಗೇ ಆಯಿತು

2021ರ ಜನವರಿಯಲ್ಲಿ ಸ್ಕಾಟ್ ನಿರ್ಗಮನ ಪ್ರಕಟವಾಯಿತು. ಜುಲೈ 1ರಂದು ಹೋಟೆಲ್-ಕ್ಯಾಸಿನೊ ಕಂಪನಿ ಎಂಜಿಎಂ ರೆಸಾರ್ಟ್ಸ್‌ನಿಂದ ಬಂದ ಜಾರ್ಜ್ ಕ್ಲಿಯಾವ್‌ಕಾಫ್ ಕಮಿಷನರ್ ಆದರು. ಮತ್ತೊಬ್ಬ ಹೊರಗಿನವರು. ಆಗಸ್ಟ್‌ನಲ್ಲಿ ಅವರು ಬಿಗ್ ಟೆನ್ ಮತ್ತು ಎಸಿಸಿ ಕೂಟಗಳ ಜೊತೆ ಒಂದು ಮೈತ್ರಿ ಸಾರಿದರು. ಕಾಗದದಲ್ಲಿ ಸಹಿಯಿಲ್ಲದ, ಮಾತಿನ ಮೇಲೆ ನಿಂತ ಮೈತ್ರಿ. ಒಂದು ವರ್ಷ ತುಂಬುವ ಮೊದಲೇ, 2022ರ ಜೂನ್ 30ರಂದು, ಅದೇ ಬಿಗ್ ಟೆನ್ ಯುಎಸ್‌ಸಿ ಮತ್ತು ಯುಸಿಎಲ್‌ಎಯನ್ನು ಎಳೆದುಕೊಂಡಿತು. ಲಾಸ್ ಏಂಜಲೀಸಿನ ಮಕ್ಕಳು ಸುಮಾರು 4 ಸಾವಿರ ಕಿ.ಮೀ. ದೂರದ ನ್ಯೂಜೆರ್ಸಿಗೆ ಕೂಟದ ಪಂದ್ಯ ಆಡಲು ಹಾರಬೇಕಾಯಿತು. ಬಿಗ್ ಟೆನ್‌ನ ಹೊಸ ಟಿವಿ ಒಪ್ಪಂದ ವರ್ಷಕ್ಕೆ 100 ಕೋಟಿ ಡಾಲರ್ ಮಿಕ್ಕಿತ್ತು.

ಉಳಿದ ಹತ್ತು ಕಾಲೇಜುಗಳಿಗೆ ಒಂದಕ್ಕೆ 3 ಕೋಟಿ ಡಾಲರ್‌ನಂತೆ ಇಎಸ್‌ಪಿಎನ್ ಮುಂದಿಟ್ಟ ಪ್ರಸ್ತಾಪವನ್ನು ಅಧ್ಯಕ್ಷರು ತಿರಸ್ಕರಿಸಿ 5 ಕೋಟಿ ಕೇಳಿದರು ಎಂದು ಆಮೇಲೆ ಪತ್ರಿಕೆಗಳು ಬರೆದವು. ಅಷ್ಟರಲ್ಲಿ ಬಿಗ್ 12 ಕೂಟದ ಹೊಸ ಕಮಿಷನರ್ ಬ್ರೆಟ್ ಯೋರ್ಮಾರ್ಕ್ ತಮ್ಮ ಸರದಿಗೆ ಕಾಯದೆ ಮುಂಚೆಯೇ ಇಎಸ್‌ಪಿಎನ್, ಫಾಕ್ಸ್ ಜೊತೆ ಕೂತು ಆರು ವರ್ಷಕ್ಕೆ 228 ಕೋಟಿ ಡಾಲರ್‌ಗೆ ಮುಗಿಸಿಬಿಟ್ಟರು. ಪೇಟೆಯಲ್ಲಿದ್ದ ಹಣ ಖಾಲಿಯಾಯಿತು. ಇದೇ ಹೊತ್ತಿಗೆ ಕಾಮ್‌ಕಾಸ್ಟ್ ವರ್ಷಗಟ್ಟಲೆ ಸುಮಾರು 5 ಕೋಟಿ ಡಾಲರ್ ಹೆಚ್ಚಾಗಿ ಪಾವತಿಸಿದ್ದು, ಅದನ್ನು ತಿಳಿದವರು ಮೇಲಕ್ಕೆ ಹೇಳದೆ ಇದ್ದದ್ದು ಹೊರಬಿತ್ತು. ಹಣ ಹಿಂದಿರುಗಿಸುವ ಹೊರೆ ಕಾಲೇಜುಗಳ ಮೇಲೆ. ಸ್ವಂತ ಚಾನೆಲ್‌ನ ಕೊನೆಯ ಪ್ರಸಾದ.

2023ರ ಜುಲೈ 27ರಂದು ಕೊಲರಾಡೊ ಬಿಟ್ಟಿತು. ಆಗಸ್ಟ್ 1ರಂದು ಕ್ಲಿಯಾವ್‌ಕಾಫ್ ಆಪಲ್ ಕಂಪನಿಯ ಒಪ್ಪಂದವನ್ನು ಅಧ್ಯಕ್ಷರ ಮುಂದಿಟ್ಟರು. ಎಲ್ಲ ಪಂದ್ಯಗಳೂ ಇಂಟರ್ನೆಟ್‌ನಲ್ಲಿ, ಚಂದಾ ಕೊಟ್ಟವರಿಗೆ ಮಾತ್ರ. ಮೂಲ ಹಣ ಕಾಲೇಜಿಗೆ 2.3 ಕೋಟಿ ಆಸುಪಾಸು, ಚಂದಾದಾರರು ಹೆಚ್ಚಿದರೆ ಹೆಚ್ಚು. ಒಳ್ಳೆಯ ಒಪ್ಪಂದವೇ ಇರಬಹುದು. ಆದರೆ ಹನ್ನೊಂದು ವರ್ಷ ಯಾರಿಗೂ ಕಾಣದೆ ಉಳಿದು ಬೆಂದವರ ಮುಂದೆ 'ಇನ್ನೂ ಕಡಿಮೆ ಮನೆಗಳಲ್ಲಿ ಕಾಣುತ್ತೀರಿ, ಮುಂದೆ ಬೆಳೆಯಬಹುದು' ಎಂದರೆ ಅವರು ಹೇಗೆ ಒಪ್ಪುತ್ತಾರೆ? 2011ರಲ್ಲಿ ಕೇಳಿದ ಮಾತೇ ಅದು. ಆಗಸ್ಟ್ 4ರ ಶುಕ್ರವಾರ ಬೆಳಿಗ್ಗೆ, ಕಾಲೇಜುಗಳು ತಮ್ಮ ಟಿವಿ ಹಕ್ಕನ್ನು ಕೂಟಕ್ಕೆ ಒಪ್ಪಿಸುವ ಹಕ್ಕುಪತ್ರಕ್ಕೆ ಸಹಿ ಬೀಳುತ್ತದೆ ಎಂದು ಕಾಯುತ್ತಿದ್ದವರಿಗೆ ಒರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ ಹೊರಟ ಸುದ್ದಿ ಬಂತು. ಸಂಜೆಯೊಳಗೆ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ರತ್ತ ಹೊರಟವು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಎಸಿಸಿಗೆ ಸೇರಿದವು. ಪೆಸಿಫಿಕ್ ದಡದ ಕಾಲೇಜುಗಳು!

ಅದೇ ಋತುವಿನಲ್ಲಿ ವಾಷಿಂಗ್ಟನ್ ತಂಡ ಒಂದೂ ಸೋಲದೆ ಕೂಟದ ಕೊನೆಯ ಫೈನಲ್‌ನಲ್ಲಿ ಒರೆಗನ್ ತಂಡವನ್ನು 34-31ರಿಂದ ಮಣಿಸಿ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. ಆಟ ಎಂದೂ ಕೆಟ್ಟಿರಲಿಲ್ಲ.

ಉಳಿದವರು

ಉಳಿದದ್ದು ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್‌ನ ಒರೆಗನ್ ಸ್ಟೇಟ್. ಎರಡೂ ಸಣ್ಣ ಊರುಗಳು. ಒರೆಗನ್ ಸ್ಟೇಟ್ 1915ರಲ್ಲಿ ಕೂಟ ಕಟ್ಟಿದ ನಾಲ್ವರಲ್ಲಿ ಒಂದು. ಹೋಗುವವರು ಕೂಟದ ಹಣ ಮತ್ತು ಹೆಸರಿನ ಮೇಲೆ ಮತ ಹಾಕುವಂತಿಲ್ಲ ಎಂದು ಇವರು ಪುಲ್‌ಮನ್ ಇರುವ ವಿಟ್‌ಮನ್ ಕೌಂಟಿಯ ನ್ಯಾಯಾಲಯಕ್ಕೆ ಹೋದರು. 2023ರ ನವೆಂಬರ್‌ನಲ್ಲಿ ತೀರ್ಪು ಇವರ ಪರ ಬಂತು, ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ನಿರಾಕರಿಸಿತು. 2024ರ ಮಾರ್ಚ್ 1ರಂದು ತೆರೇಸಾ ಗೂಲ್ಡ್ ಕಮಿಷನರ್ ಆದರು. ಹಿಂದೆ ಕೂಟದ ಉಪ ಕಮಿಷನರ್ ಆಗಿದ್ದವರು, ಬರ್ಕ್ಲಿ ಮತ್ತು ಡೇವಿಸ್‌ನಲ್ಲಿ ಕಾಲೇಜು ಕ್ರೀಡೆಯ ಆಡಳಿತದಲ್ಲೇ ಬೆಳೆದವರು, ದೊಡ್ಡ ಐದು ಕೂಟಗಳಲ್ಲಿ ಒಂದನ್ನು ಮುನ್ನಡೆಸಿದ ಮೊದಲ ಮಹಿಳೆ.

ಗೂಲ್ಡ್ ಮೊದಲ ಬೇಸಿಗೆಯಲ್ಲಿ ಮಾಡಿದ ಕೆಲಸ ನೋಡಲು ಸಣ್ಣದು. ಇಬ್ಬರ ತವರಿನ ಫುಟ್‌ಬಾಲ್ ಪಂದ್ಯಗಳಲ್ಲಿ ಹೆಚ್ಚಿನವನ್ನು ದಿ ಸಿಡಬ್ಲ್ಯು ಎಂಬ ಚಾನೆಲ್‌ಗೆ, ಎರಡನ್ನು ಫಾಕ್ಸ್‌ಗೆ ಕೊಟ್ಟರು. ದಿ ಸಿಡಬ್ಲ್ಯು ಕೇಬಲ್ ಇಲ್ಲದೆಯೂ ಬರುವ ಚಾನೆಲ್, ಮನೆಯ ಮೇಲೊಂದು ಆಂಟೆನಾ ಇದ್ದರೆ ಸಾಕು, ತಿಂಗಳ ಚಂದಾ ಇಲ್ಲ. ಪಂದ್ಯಗಳನ್ನು ಚಿತ್ರೀಕರಿಸಿ ಕಳುಹಿಸಿದ್ದು ಮುಚ್ಚಿಹೋದ ಚಾನೆಲ್‌ನಿಂದ ಉಳಿದ ತಂಡ. ಸ್ಯಾನ್ ಫ್ರಾನ್ಸಿಸ್ಕೋದ ದುಬಾರಿ ಕಟ್ಟಡ ಬಿಟ್ಟು ಅವರು ಸ್ಯಾನ್ ರಮೋನ್‌ಗೆ ಬಂದಿದ್ದರು. ಬೇ ಏರಿಯಾದ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಊರು ಅದು, ನಮ್ಮ ಎಷ್ಟೋ ಮನೆಗಳು ಅಲ್ಲಿವೆ. ಅಲ್ಲಿನ ಸ್ಟುಡಿಯೊದಿಂದ ಹೊರಟ ಕೊರ್ವಾಲಿಸ್‌ನ ಪಂದ್ಯವನ್ನು ಆ ಶರತ್ಕಾಲದಲ್ಲಿ ಪೋರ್ಟ್‌ಲ್ಯಾಂಡ್‌ನ ಯಾವ ಬಾರ್‌ನವನೂ ರಿಮೋಟ್ ಒತ್ತಿ ಹಾಕಬಹುದಿತ್ತು.